ಕಲ್ಯಾಣದ ಅರಸನ ಗಾಳ, ಬ್ಲಾಗ್ಡನ್ ಡಾಕ್ಟರ ನೊರಜು

ಪಶ್ಚಿಮಘಟ್ಟದಿಂದ ಇಳಿದು ಬರುವ ವೇದಗಂಗೆ ಮತ್ತು ದೂಧಗಂಗೆ ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ದೂಧಗಂಗೆ ಎಂಬ ಒಂದೇ ಹೆಸರಿನಲ್ಲಿ ಹರಿದು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತವೆ. ಕಬ್ಬು, ತಂಬಾಕು ಬೆಳೆಯುವ ಈ ಸೀಮೆಯಲ್ಲಿ ಹೊಳೆ ಅಂದರೆ ಪಂಪ್‌ಸೆಟ್ಟು, ಬ್ಯಾರೇಜು, ಮಳೆಗಾಲದ ಮಹಾಪೂರ. ಮೀನಿನ ಮಾತು ಬರುವುದೇ ಅಪರೂಪ. ಜೈನರ, ಲಿಂಗಾಯತರ ಮನೆಗಳೇ ಹೆಚ್ಚಿರುವ ಊರುಗಳಲ್ಲಿ ಅದು ಸಹಜವೂ ಹೌದು.

ಭೋಜಕ್ಕೆ ದೊಡ್ಡ ಹೆಸರು ತಂದವರು ಆಚಾರ್ಯ ಶಾಂತಿಸಾಗರರು. 1872ರಲ್ಲಿ ಹತ್ತಿರದ ಯಳಗುಡದಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಭೋಜದ ಪಾಟೀಲರ ಮನೆಯ ಈ ಮಗ ಮುಂದೆ ದಿಗಂಬರ ಮುನಿ ಪರಂಪರೆಗೆ ಹೊಸ ಜೀವ ಕೊಟ್ಟರು. ನವಿಲುಗರಿಯ ಪಿಂಛಿಯಿಂದ ನೆಲದ ಇರುವೆಯನ್ನೂ ಮೆಲ್ಲಗೆ ಸರಿಸಿ ಕೂರುವ ದಾರಿ ಅವರದು. ಅವರು ಹುಟ್ಟಿದ ಮರುವರ್ಷ, 1873ರಲ್ಲಿ, ಕನ್ನಡನಾಡಿನ ಇನ್ನೊಂದು ತುದಿಯಾದ ಮಂಗಳೂರಿನಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯ ಮೇಲೊಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಹೆಸರು ‘ದಿ ರಾಡ್ ಇನ್ ಇಂಡಿಯಾ’. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್.

ಒಂದು ದಾರಿ ಜೀವ ಉಳಿಸುವುದು, ಇನ್ನೊಂದು ಜೀವ ಹಿಡಿಯುವುದು. ಆದರೆ ಎರಡಕ್ಕೂ ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಯನ್ನು ಗಮನಿಸುವ ಅಭ್ಯಾಸ ಬೇಕು. ಗಾಳದ ಚರಿತ್ರೆ ಅಂದರೆ ಬಹುಮಟ್ಟಿಗೆ ಆ ಅಭ್ಯಾಸದ ಚರಿತ್ರೆಯೇ. ಮೀನನ್ನು ಮರುಳು ಮಾಡಬೇಕೆನ್ನುವವನು ಮೊದಲು ಅದು ಏನು ತಿನ್ನುತ್ತದೆ, ಎಲ್ಲಿ ತಿನ್ನುತ್ತದೆ, ಯಾವ ಹೊತ್ತಿಗೆ ತಿನ್ನುತ್ತದೆ ಎಂಬುದನ್ನು ಕಲಿಯಬೇಕು. ಈ ಪಾಠವನ್ನು ವ್ಯವಸ್ಥಿತವಾಗಿ ಬರೆದಿಟ್ಟವರಲ್ಲಿ ಒಬ್ಬ ಮುಖ್ಯನಾದವನು ಕನ್ನಡ ನೆಲದ ಅರಸ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ತಿಳಿದೇ ಇಲ್ಲ.

ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಸಿಂಹಾಸನ ಏರಿದ್ದು 1126ರ ಸುಮಾರಿಗೆ. ಆರನೆಯ ವಿಕ್ರಮಾದಿತ್ಯನ ಮಗ. ತಂದೆಯಷ್ಟು ಯುದ್ಧ ಮಾಡಿದವನಲ್ಲ, ತಂದೆಗಿಂತ ಹೆಚ್ಚು ಬರೆದವನು. ಆಗ ಕೊಲ್ಹಾಪುರದ ಶಿಲಾಹಾರರೂ ಸವದತ್ತಿಯ ರಟ್ಟರೂ ಅವನ ಮಾಂಡಲಿಕರು. ಇವತ್ತಿನ ಚಿಕ್ಕೋಡಿ, ರಾಯಬಾಗ, ಅಥಣಿಯ ಸೀಮೆ ಅವನ ಛತ್ರದ ಕೆಳಗೇ ಇತ್ತು. 1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ಗ್ರಂಥ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು ಇಲ್ಲಿಂದ ಹಿಡಿದು ಆನೆ, ಕುದುರೆ, ಸಂಗೀತ, ಚಿತ್ರಕಲೆ, ಅಡುಗೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಇಡ್ಲಿ, ದೋಸೆ, ವಡೆಯ ಚರಿತ್ರೆ ಹುಡುಕುವವರೆಲ್ಲ ಇದರ ಅನ್ನಭೋಗದ ಅಧ್ಯಾಯಕ್ಕೆ ಬಂದೇ ಬರುತ್ತಾರೆ. ಬಂದವರು ಇನ್ನಷ್ಟು ಹಾಳೆ ಮುಂದೆ ತಿರುವಿದರೆ ಅರಸನ ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಸಿಗುತ್ತದೆ.

ಮತ್ಸ್ಯವಿನೋದದಲ್ಲಿ ಮೂವತ್ತೈದರಷ್ಟು ಬಗೆಯ ಮೀನುಗಳು ಬರುತ್ತವೆ. ಅವುಗಳನ್ನು ಸೋಮೇಶ್ವರ ಸುಮ್ಮನೆ ಪಟ್ಟಿ ಮಾಡುವುದಿಲ್ಲ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆ ಇದ್ದವು ಯಾವುವು, ಬರೀ ಚರ್ಮದವು ಯಾವುವು, ಆಕಾರದಲ್ಲಿ ದೊಡ್ಡವು, ನಡುವಿನವು, ಸಣ್ಣವು ಯಾವುವು ಎಂದು ಬೇರೆಬೇರೆ ಮಾಡುತ್ತಾನೆ. ಆಮೇಲೆ ಊಟದ ವಿಚಾರ. ಹುರುಪೆಯ ಮೀನಿಗೆ ಹಿಟ್ಟಿನ ಉಂಡೆ, ಹುರುಪೆ ಇಲ್ಲದ್ದಕ್ಕೆ ಮಾಂಸ. ಇದು ಇವತ್ತಿಗೂ ಸರಿಯಾದ ಮಾತು. ಗೆಂಡೆ, ರೋಹು ಜಾತಿಯವು ಹಿಟ್ಟಿನ ಕಣಕಕ್ಕೆ ಬರುತ್ತವೆ. ಬಾಳೆಮೀನಿನಂಥ ಮೀಸೆಯ ಮೀನಿಗೆ ಹುಳ, ಮಾಂಸವೇ ಬೇಕು. ಹೊಳೆದಂಡೆಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಒಂಬೈನೂರು ವರ್ಷದ ಹಿಂದೆ ಅದನ್ನು ಶ್ಲೋಕಕ್ಕೆ ಇಳಿಸಿ, ವರ್ಗ ಮಾಡಿ, ಅರಮನೆಯ ಗ್ರಂಥದಲ್ಲಿ ಸೇರಿಸಬೇಕು ಎಂದು ಒಬ್ಬನಿಗೆ ಅನ್ನಿಸಿತಲ್ಲ, ಅದು ದೊಡ್ಡದು.

ಇನ್ನೂ ದೊಡ್ಡದೆಂದರೆ ಮೀನನ್ನು ಹಿಡಿಯುವ ಮೊದಲು ಸಾಕುವ ಕ್ರಮ. ನೀರಿನ ಒಂದು ಠಾವನ್ನು ಗೊತ್ತು ಮಾಡಿ ಅಲ್ಲಿ ಮೀನಿಗೆ ಬಗೆಬಗೆಯ ತಿನಿಸು ಹಾಕಿ ರೂಢಿ ಮಾಡಿಸಬೇಕು, ಕೊಬ್ಬಿಸಬೇಕು. ಕೋಲು, ದಾರ, ಕೊಕ್ಕೆ, ಕೊಕ್ಕೆಗೆ ಚುಚ್ಚುವ ಎರೆ ಎಲ್ಲಕ್ಕೂ ಲಕ್ಷಣ ಹೇಳುತ್ತಾನೆ. ಬಲೆ ಬೀಸಿ ಬಾಚಿಕೊಳ್ಳುವುದು ಅರಸನಿಗೆ ವಿನೋದವಾಗಿರಲಿಲ್ಲ. ಒಂದು ಕೋಲು, ಒಂದು ದಾರ, ಒಂದು ಮೀನು, ಅಷ್ಟೇ ಅವನಿಗೆ ರುಚಿ. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯವನ್ನು ಎತ್ತಿಕೊಂಡು ವಿವರವಾಗಿ ಬರೆದರು. ಮುಂದೆ ನಳಿನಿ ಸಾಧಲೆ ಮತ್ತು ವೈ.ಎಲ್. ನೆನೆ ಅದನ್ನು ಮತ್ತೆ ಪರಿಶೀಲಿಸಿದರು. ಹೀಗೆ ವಿದ್ವಾಂಸರ ಲೋಕದಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಅರಸನೊಬ್ಬನೇ ಕೂತು ಇಷ್ಟನ್ನೆಲ್ಲ ಕಂಡುಕೊಂಡಿರಲಾರ. ಯಾವ ಮೀನು ಏನು ತಿನ್ನುತ್ತದೆ ಎಂಬ ತಿಳಿವಳಿಕೆ ನೀರಿನ ಮೇಲೆ ಬದುಕುವವರದು. ತುಂಗಭದ್ರೆಯ, ಕೃಷ್ಣೆಯ ಅಂಬಿಗರು ಹೇಳಿದ್ದು ಆಸ್ಥಾನದ ಸಂಸ್ಕೃತಕ್ಕೆ ಏರಿರಬೇಕು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಕಾಲದಲ್ಲಿ, ಅಂಬಿಗರ ಚೌಡಯ್ಯನೆಂಬ ದೋಣಿ ನಡೆಸುವವನು ಕನ್ನಡದಲ್ಲಿ ವಚನ ಬರೆದ ಎನ್ನುವುದನ್ನು ನೆನೆದರೆ, ಆ ಜನ ಬರೀ ಹುಟ್ಟು ಹಾಕಿಕೊಂಡು ಸುಮ್ಮನಿದ್ದವರಲ್ಲ ಎಂಬುದು ಖಾತ್ರಿಯಾಗುತ್ತದೆ.

ಇಂಗ್ಲೆಂಡಿನಲ್ಲಿ ಗಾಳದ ಮೇಲಿನ ಮೊದಲ ಅಚ್ಚಿನ ಪುಸ್ತಕ ಬಂದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿ ಅದು ಪ್ರಚಾರದಲ್ಲಿದೆ. ಐಸಾಕ್ ವಾಲ್ಟನ್‌ನ ಜಗತ್ಪ್ರಸಿದ್ಧ ‘ದಿ ಕಂಪ್ಲೀಟ್ ಆ್ಯಂಗ್ಲರ್’ 1653ರದು. ಮಾನಸೋಲ್ಲಾಸ ಮೊದಲನೆಯದಕ್ಕಿಂತ ಮುನ್ನೂರೈವತ್ತು ವರ್ಷಕ್ಕೂ ಹಳೆಯದು, ಎರಡನೆಯದಕ್ಕಿಂತ ಐನೂರು ವರ್ಷ ಹಳೆಯದು.

ಆದರೆ ಒಂದು ವಿಷಯದಲ್ಲಿ ಪಶ್ಚಿಮದವರು ಬೇರೆ ದಾರಿ ಹಿಡಿದರು. ಸೋಮೇಶ್ವರ ಕೊಕ್ಕೆಗೆ ಚುಚ್ಚಿಸಿದ್ದು ನಿಜವಾದ ತಿನಿಸು. ಅವರು ಚುಚ್ಚಿದ್ದು ಸುಳ್ಳು ತಿನಿಸು. ಕ್ರಿ.ಶ. 200ರ ಸುಮಾರಿನ ರೋಮನ್ ಲೇಖಕ ಈಲಿಯನ್, ಮ್ಯಾಸಿಡೋನಿಯಾದ ಒಂದು ಹೊಳೆಯಲ್ಲಿ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಅಲ್ಲಿ ನೀರಿನ ಮೇಲೆ ಹಾರುವ ನೊಣವೊಂದಿತ್ತು, ಮೀನಿಗೆ ಅದು ಬಲು ಇಷ್ಟ. ಕೈಯಲ್ಲಿ ಹಿಡಿದರೆ ಆ ನೊಣದ ಬಣ್ಣ ಕೆಡುತ್ತಿತ್ತು, ರೆಕ್ಕೆ ಮುದುಡುತ್ತಿತ್ತು. ಹಾಗಾಗಿ ನೊಣದಂಥದ್ದನ್ನು ಕೈಯಿಂದಲೇ ಕಟ್ಟಿದರು. ಫ್ಲೈ ಫಿಶಿಂಗ್ ಎಂದು ಇವತ್ತು ಕರೆಯುವ ವಿದ್ಯೆಯ ಅತಿ ಹಳೆಯ ವಿವರಗಳಲ್ಲಿ ಇದೊಂದು. ಇದರಲ್ಲಿ ಸೀಸದ ಗುಂಡಿನ ಭಾರದಿಂದ ಎಸೆಯುವುದಿಲ್ಲ. ಕಟ್ಟಿದ ನೊಣಕ್ಕೆ ತೂಕವೇ ಇರುವುದಿಲ್ಲವಾದ್ದರಿಂದ, ದಪ್ಪನೆಯ ದಾರದ ಸ್ವಂತ ಭಾರವೇ ಅದನ್ನು ಹೊತ್ತು ಹೋಗಬೇಕು.

ಈ ವಿದ್ಯೆಯನ್ನು ಹೊತ್ತು ನಮ್ಮ ನಾಡಿಗೆ ಬಂದವರಲ್ಲಿ ಥಾಮಸ್ ಮುಖ್ಯ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಅವರು ಮೊದಲು ನೋಡಿದ್ದು ಮೀನಿನ ಸಮೃದ್ಧಿಯನ್ನಲ್ಲ, ನಾಶವನ್ನು. ಸಣ್ಣ ಕಣ್ಣಿನ ಬಲೆ, ಒಡ್ಡು ಕಟ್ಟಿ ಇಡುವ ಬುಟ್ಟಿ, ನೀರಿಗೆ ಬೆರೆಸುವ ವಿಷದ ಕಾಯಿ ಇವುಗಳಿಂದ ಮರಿಮೀನು ಬೆಳೆಯುವ ಮೊದಲೇ ಮುಗಿಯುತ್ತಿತ್ತು. ಈ ಜಿಲ್ಲೆಯ ಮೀನುಕೃಷಿಯ ಬಗ್ಗೆ ಅವರು ಬರೆದ ವರದಿ 1870ರಲ್ಲಿ ಪ್ರಕಟವಾಯಿತು. ಮೀನಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಸರ್ಜನ್ ಫ್ರಾನ್ಸಿಸ್ ಡೇ ಕೂಡ 1873ರ ತಮ್ಮ ವರದಿಯಲ್ಲಿ ಇಡೀ ದೇಶದ ಸಿಹಿನೀರಿನ ಮೀನುಗಾರಿಕೆಯ ಸ್ಥಿತಿಯನ್ನು ಸರ್ಕಾರದ ಮುಂದಿಟ್ಟರು. ಇವೆಲ್ಲದರ ಫಲವಾಗಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧವಾಯಿತು.

ಥಾಮಸರ ‘ದಿ ರಾಡ್ ಇನ್ ಇಂಡಿಯಾ’ ಮೂರು ಆವೃತ್ತಿ ಕಂಡಿತು. ಹೊಳೆಯ ಮಹಶೀರ್ ಮೀನೇ ಅದರ ನಾಯಕ. ಆದರೆ 1887ರಲ್ಲಿ ಅವರು ಇನ್ನೊಂದು ಪುಸ್ತಕ ಬರೆದರು: ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’. ಪೂರ್ತಿ ಕೆರೆಯ ಮೀನಿಗೇ ಮೀಸಲು. ಕನ್ನಡಿಗರಾದ ನಮಗೆ ಇದೇ ಹತ್ತಿರದ್ದು. ನಮ್ಮದು ಕೆರೆಗಳ ನಾಡು. ಬೆಟ್ಟದ ತಣ್ಣನೆಯ ಹೊಳೆಗೆ ರೂಪುಗೊಂಡ ಬಿಳಿಯರ ವಿದ್ಯೆ ನಿಂತ ನೀರಿಗೆ ಬಂದಾಗ ಅದಕ್ಕೆ ಹೊಸ ತೊಡಕು ಎದುರಾಯಿತು. ಹರಿಯುವ ನೀರು ಮೀನಿನ ಮುಂದಕ್ಕೆ ತಿನಿಸನ್ನು ತಂದು ಕೊಡುತ್ತದೆ. ಕೆರೆಯಲ್ಲಿ ಮೀನೇ ತಿನಿಸಿಗಾಗಿ ತಿರುಗಬೇಕು. ಎಲ್ಲಿ ತಿರುಗುತ್ತದೆ, ಯಾವ ಆಳದಲ್ಲಿ ತಿರುಗುತ್ತದೆ ಎಂದು ಗೊತ್ತಿಲ್ಲದೆ ದಂಡೆಯ ಮೇಲೆ ದಿನವಿಡೀ ನಿಂತರೂ ಪ್ರಯೋಜನವಿಲ್ಲ. ಸೋಮೇಶ್ವರ ಉಂಡೆ ಹಾಕಿ ಮೀನನ್ನು ಒಂದು ಠಾವಿಗೆ ಕರೆಸಿಕೊಂಡದ್ದು ಇದೇ ತೊಡಕಿಗೆ ಕಂಡ ಪರಿಹಾರ.

ಇನ್ನೊಂದು ಕಡೆ ನಮ್ಮ ಘಟ್ಟದ ಕಾಡಿಗೂ ಬಿಲಾಯತಿಯ ಗಾಳಕ್ಕೂ ಯಾರೂ ಹೆಚ್ಚು ಮಾತಾಡದ ಸಂಬಂಧವೊಂದು ಬೆಳೆದಿತ್ತು. ಖಾನಾಪುರದಿಂದ ಕೊಡಗು, ನೀಲಗಿರಿಯವರೆಗಿನ ಕಾಡುಗಳಲ್ಲಿ ಬೂದುಬಣ್ಣದ ಕಾಡುಕೋಳಿ ಇದೆ. ಅದರ ಹುಂಜದ ಕೊರಳಿನ ಗರಿಯಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಹಳದಿ-ಬಿಳಿ ಚುಕ್ಕೆಗಳಿವೆ. ನೀರೊಳಗೆ ಆ ಚುಕ್ಕೆ ಸಣ್ಣ ಮೀನಿನ ಕಣ್ಣಿನಂತೆ ಕಾಣುತ್ತದೆ. ಸಾಲ್ಮನ್ ಮೀನಿಗೆ ಕಟ್ಟುವ ಬಣ್ಣಬಣ್ಣದ ನೊಣಗಳಿಗೆ ಅದು ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬಂತಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡುಕೋಳಿಯ ಕೊರಳ ಚರ್ಮ ಹಡಗೇರಿ ಹೋಗತೊಡಗಿತು. ಎಲ್ಲೋ ಸ್ಕಾಟ್ಲೆಂಡಿನ ಹೊಳೆಯಲ್ಲಿ ಒಂದು ಮೀನು ಸಿಗಲೆಂದು ಇಲ್ಲಿಯ ಕಾಡಿನಲ್ಲಿ ಹಕ್ಕಿಗಳು ಉರುಳಿಗೆ ಬಿದ್ದವು. 1902ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ, ಚರ್ಮದ ರಫ್ತನ್ನು ನಿಷೇಧಿಸಿತು. 1921ರಲ್ಲಿ ಬ್ರಿಟನ್ ಗರಿಗಳ ಆಮದಿಗೇ ಕಡಿವಾಣ ಹಾಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಈ ಹಕ್ಕಿಗೆ ನಮ್ಮ ನೆಲದಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಗರಿಯ ಸೊಬಗಿನ ಮೋಹಕ್ಕೆ ಹಕ್ಕಿ ಬೆಲೆ ತೆತ್ತಿತು ಎಂದೇ ಹೇಳಬೇಕು. ಮೀನು ಏನು ತಿನ್ನುತ್ತದೆ ಎಂದು ಕೇಳುವುದಕ್ಕಿಂತ ಮನುಷ್ಯನ ಕಣ್ಣಿಗೆ ಯಾವುದು ಚೆಂದ ಎಂದು ಕೇಳಿದ ಕಾಲ ಅದು.

ಆ ಮೋಹ ಕಳಚಿದ್ದು ಒಂದು ಕುಡಿಯುವ ನೀರಿನ ಜಲಾಶಯದ ದಂಡೆಯಲ್ಲಿ.

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಬ್ರಿಸ್ಟಲ್ ನಗರಕ್ಕೆ ನೀರು ಕೊಡಲು ಯೋ ಹೊಳೆಗೆ ಕಟ್ಟೆ ಹಾಕಿ ಬ್ಲಾಗ್ಡನ್ ಜಲಾಶಯ ಮಾಡಿದರು. ಅದರಲ್ಲಿ ಟ್ರೌಟ್ ಎಂಬ ಮೀನಿನ ಮರಿ ಬಿಟ್ಟು 1904ರಲ್ಲಿ ಗಾಳದವರಿಗೆ ತೆರೆದರು. ಹೊಸದಾಗಿ ಮುಳುಗಿದ ಹೊಲದ ಮಣ್ಣಿನಲ್ಲಿ ಹುಳುಹುಪ್ಪಟೆಗೆ ಬರವಿಲ್ಲ, ಮೀನು ಧಂಡಿಯಾಗಿ ಬೆಳೆದವು. ಮೊದಮೊದಲು ಬಂದವರು ಸಾಲ್ಮನ್‌ಗೆ ಕಟ್ಟುವ ದೊಡ್ಡ ಬಣ್ಣದ ನೊಣಗಳನ್ನೇ ಎಸೆದರು. ಮೊದಲ ಮಹಾಯುದ್ಧದ ನಂತರ ಆ ಸೀಮೆಗೆ ಬಂದು ನೆಲೆಸಿದ ಡಾ. ಎಚ್.ಎ. ಬೆಲ್ ಎಂಬ ವೈದ್ಯರು ಹಾಗೆ ಮಾಡಲಿಲ್ಲ. ಹಿಡಿದ ಮೀನಿನ ಹೊಟ್ಟೆ ಸೀಳಿ ಒಳಗೇನಿದೆ ಎಂದು ನೋಡಿದರು. ಡಾಕ್ಟರಿಗೆ ಅದು ಸಹಜವಾದ ಕ್ರಮ. ಹೊಟ್ಟೆಯಲ್ಲಿ ತುಂಬಿದ್ದು ನೊರಜಿನ ಕೋಶಗಳು.

ಈ ನೊರಜು ನಮಗೆ ಹೊಸದೇನಲ್ಲ. ಸಂಜೆ ಕೆರೆ ಏರಿಯ ಮೇಲೆ, ಬೀದಿದೀಪದ ಸುತ್ತ ಹೊಗೆಯ ಕಂಬದಂತೆ ಏಳುವ ನುಸಿ ಇದೇ. ನೋಡಲು ಸೊಳ್ಳೆಯಂತೆ, ಆದರೆ ಕಚ್ಚುವುದಿಲ್ಲ. ರೆಕ್ಕೆ ಬಂದ ಮೇಲೆ ಅದರ ಬಾಳು ಕೆಲವೇ ದಿನದ್ದು. ಬಹುತೇಕ ಏನನ್ನೂ ತಿನ್ನದೆ, ಜೊತೆಗೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅದರ ನಿಜವಾದ ಬದುಕು ಇರುವುದು ನೀರಿನ ಅಡಿಯಲ್ಲಿ. ಲೋಳೆಯಂಥ ಮುದ್ದೆಯಲ್ಲಿ ಇಟ್ಟ ಮೊಟ್ಟೆ ಒಡೆದು ಹೊರಬಂದ ಮರಿಹುಳು ಕೆಸರಿಗಿಳಿದು ಸಣ್ಣ ಕೊಳವೆ ಕಟ್ಟಿಕೊಂಡು ಕೂರುತ್ತದೆ. ಅಲ್ಲಿ ಉಸಿರಿಗೆ ಗಾಳಿ ಕಡಿಮೆ. ಹಾಗಾಗಿ ಇವುಗಳಲ್ಲಿ ಹಲವು ಜಾತಿಯವಕ್ಕೆ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೇ ಅವು ಕೆಂಪು. ಕೆರೆಯ ಗೋಡು ಎತ್ತಿದಾಗ ಬೆರಳಲ್ಲಿ ಸಿಗುವ ದಾರದಂಥ ಕೆಂಪು ಹುಳು ಅದೇ. ಬಲಿತ ಮೇಲೆ ಕೋಶವಾಗಿ, ತಲೆಯ ಮೇಲೆ ಬಿಳಿಯ ಉಸಿರುಕುಚ್ಚು ಹೊತ್ತು, ಹೊಟ್ಟೆಯನ್ನು ಬಳುಕಿಸುತ್ತ ಮೆಲ್ಲಮೆಲ್ಲಗೆ ಮೇಲೇರುತ್ತದೆ. ನೀರಿನ ತೆಳುಪೊರೆಯ ಕೆಳಗೆ ಸ್ವಲ್ಪ ಹೊತ್ತು ತೂಗಿಕೊಂಡು ನಿಲ್ಲುತ್ತದೆ, ಆಮೇಲೆ ಬೆನ್ನು ಸೀಳಿ ನುಸಿ ಹೊರಬರುತ್ತದೆ. ಮೀನಿಗೆ ಸುಗ್ಗಿ ಆ ಹೊತ್ತು. ಓಡಲಾರದ, ಕಚ್ಚಲಾರದ ತಿನಿಸು ಸಾವಿರಗಟ್ಟಲೆ.

ಬೆಲ್ ಕಟ್ಟಿದ್ದು ಇದರ ಪ್ರತಿರೂಪ. ಸಣ್ಣ ಕೊಕ್ಕೆಗೆ ಕಪ್ಪು ಉಣ್ಣೆ, ಬಾಲದ ಕಡೆ ಸಣ್ಣಗೆ, ತಲೆಯ ಕಡೆ ದಪ್ಪಗೆ. ಅದರ ಮೇಲೆ ಹೊಟ್ಟೆಯ ಗೆರೆಗಳಂತೆ ಬಂಗಾರದ ಬಣ್ಣದ ತಗಡಿನ ಎಳೆ. ತಲೆಯಲ್ಲಿ ಉಸಿರುಕುಚ್ಚಿನ ಬದಲು ಬಿಳಿ ರೇಷ್ಮೆಯ ಗೊಂಚಲು. ಕಾಡುಕೋಳಿಯ ಗರಿ ಬೇಕಿಲ್ಲ, ಬಣ್ಣದ ಸಂತೆ ಬೇಕಿಲ್ಲ. ಎಸೆದು, ಮುಳುಗಲು ಬಿಟ್ಟು, ಕೋಶ ಏರುವ ವೇಗದಲ್ಲೇ ಹಗುರಕ್ಕೆ ಎಳೆದುಕೊಳ್ಳುವುದು. ‘ಬ್ಲಾಗ್ಡನ್ ಬಜರ್’ ಎಂದು ಅದಕ್ಕೆ ಹೆಸರಾಯಿತು, ನುಸಿಹಿಂಡಿನ ಗುಂಯ್‌ಗುಟ್ಟುವಿಕೆಯಿಂದ ಬಂದ ಹೆಸರು. ನಿಂತ ನೀರಿನಲ್ಲಿ ನೊರಜಿನ ಪ್ರತಿರೂಪದಿಂದ ಮೀನು ಹಿಡಿಯುವ, ಇವತ್ತು ಕೆನಡಾದ ಸರೋವರಗಳವರೆಗೆ ಹಬ್ಬಿರುವ ವಿದ್ಯೆಗೆ ಬ್ಲಾಗ್ಡನ್ ದೊಡ್ಡ ತವರು. ಡಾಕ್ಟರರು ಇದರ ಬಗ್ಗೆ ಪುಸ್ತಕ ಬರೆಯಲಿಲ್ಲ, ಡಂಗುರ ಸಾರಲಿಲ್ಲ. ಮೀನಿನ ಹೊಟ್ಟೆಯಲ್ಲಿ ಕಂಡದ್ದನ್ನು ಕೈಯಲ್ಲಿ ಕಟ್ಟಿದರು. ಸೋಮೇಶ್ವರ ಕಂಡಿದ್ದರೆ ಮೆಚ್ಚುತ್ತಿದ್ದ.

ನಮ್ಮ ನೆರೆಯಲ್ಲಿ ಈ ವಿದ್ಯೆಗೆ ಸರಿಯಾದ ನೆಲ ಒದಗಿದ್ದು ನೀಲಗಿರಿಯಲ್ಲಿ, ಕನ್ನಡಕ್ಕೆ ಒಡಹುಟ್ಟಾದ ಬಡಗ ನುಡಿಯ ಸೀಮೆಯಲ್ಲಿ. ಟ್ರೌಟ್ ತಣ್ಣೀರಿನ ಮೀನು, ಬಯಲುಸೀಮೆಯ ಕೆರೆಯಲ್ಲಿ ಬದುಕುವುದಿಲ್ಲ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಇಂಗ್ಲೆಂಡಿನಿಂದ ಟ್ರೌಟ್ ಮೊಟ್ಟೆ ತಂದು ನೋಡಿದರು, ದಾರಿಯ ಸೆಕೆಗೆ ಕೆಟ್ಟವು. ಮದ್ರಾಸ್ ಸರ್ಕಾರದ ಮೀನುಕೃಷಿ ತಜ್ಞ ಎಚ್.ಸಿ. ವಿಲ್ಸನ್ 1907ರಲ್ಲಿ ಅವಲಾಂಚೆಯಲ್ಲಿ ಮರಿ ಮಾಡಿಸುವ ಕೇಂದ್ರ ತೆರೆದ ಮೇಲೆ ಕೆಲಸ ಕೈಗೂಡಿತು, ಕಾಮನಬಿಲ್ಲು ಟ್ರೌಟ್ ಆ ಬೆಟ್ಟದ ಹೊಳೆಗಳಲ್ಲಿ ನೆಲೆನಿಂತಿತು. 1877ರಿಂದಲೇ ಅಲ್ಲಿ ಬೇಟೆ ಮತ್ತು ಮೀನಿನ ಸಂಘವೊಂದಿತ್ತು. 1960ರ ದಶಕದಲ್ಲಿ ಕುಂದಾ ವಿದ್ಯುತ್ ಯೋಜನೆಗಾಗಿ ಅವಲಾಂಚೆ, ಎಮರಾಲ್ಡ್ ಮೊದಲಾದ ಜಲಾಶಯಗಳು ಎದ್ದವು. ಬಡಗರ ಹಟ್ಟಿಗಳ ಪಕ್ಕದಲ್ಲೇ ಬ್ಲಾಗ್ಡನ್ ತರಹದ ನೀರು ನಿಂತಿತು. ಆದರೆ ಹೊರಗಿನಿಂದ ತಂದ ಮೀನು ಅಲ್ಲಿನ ಮೂಲ ಜಲಚರಗಳಿಗೆ ಏನು ಮಾಡೀತು ಎಂದು ಆಗ ಯಾರೂ ಹೆಚ್ಚು ಯೋಚಿಸಲಿಲ್ಲ. ಗಾಳದ ಸುಖಕ್ಕಾಗಿ ಪರದೇಶದ ಮೀನು ಬಿಡುವ ಆ ಚಾಳಿ ಇವತ್ತಿಗೆ ಒಪ್ಪತಕ್ಕದ್ದಲ್ಲ.

ಕರ್ನಾಟಕದ ಸ್ವಂತ ಕಥೆ ಕಾವೇರಿಯ ಮಹಶೀರಿನದು, ಅದು ಬಹಳ ಸಲ ಹೇಳಿ ಆಗಿದೆ. ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ದಾಖಲೆ. 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ವನ್ಯಜೀವಿ ಸಂಘ ಹುಟ್ಟಿ ಕಾವೇರಿಯ ಒಂದು ಭಾಗದ ಕಾವಲಿಗೆ ನಿಂತಿತು. 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ತರುಣರು ಬಂದು ಮತ್ತೆ ಜಗತ್ತಿನ ಕಣ್ಣು ಇತ್ತ ತಿರುಗಿಸಿದರು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆ ಶಿಬಿರಗಳಿಗೆ ಹೆಸರು ಬಂತು. ಅಲ್ಲಿ ಕೊಕ್ಕೆಗೆ ಹತ್ತಿದ್ದು ಯಾವುದು? ರಾಗಿ ಮುದ್ದೆ. ಬಿಲಾಯತಿಯ ನೊಣವಲ್ಲ, ಬೇಯಿಸಿ ನಾದಿದ ರಾಗಿಯ ಉಂಡೆ. ಹುರುಪೆಯ ಮೀನಿಗೆ ಹಿಟ್ಟಿನ ಉಂಡೆ ಎಂದ ಕಲ್ಯಾಣದ ಅರಸನ ಮಾತನ್ನು ಕಾವೇರಿದಂಡೆಯ ಗಾಳಗಾರರು ಪುಸ್ತಕ ಓದದೆಯೇ ಪಾಲಿಸುತ್ತಿದ್ದರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಅಲ್ಲಿ ಬೇರೂರಿತು, ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಕೆಲವರು ಕಾವಲುಗಾರರಾದರು. 2010ರ ದಶಕದ ಆರಂಭದಲ್ಲಿ ಅಲ್ಲಿನ ವನ್ಯಜೀವಿಧಾಮದೊಳಗೆ ಗಾಳಕ್ಕೆ ತಡೆ ಬಿತ್ತು. ಕಾವೇರಿಯ ಗೂನುಬೆನ್ನಿನ ಮಹಶೀರಿಗೆ ವಿಜ್ಞಾನದ ಸರಿಯಾದ ಹೆಸರು, ಟಾರ್ ರೆಮಾದೇವಿ, ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ಹಿಡಿದು ಬಿಡುವುದು ಹಿಂಸೆಯೋ ಅಲ್ಲವೋ ಎಂಬ ಪ್ರಶ್ನೆಗೆ ಭೋಜದಂಥ ಊರಿನಲ್ಲಿ ಉತ್ತರ ಸ್ಪಷ್ಟ: ಕೊಕ್ಕೆ ಚುಚ್ಚಿದ ಮೇಲೆ ಹಿಂಸೆಯೇ. ಆ ಮಾತಿಗೆ ಎದುರು ಹೇಳುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಉಳಿದದ್ದು ಮುಟ್ಟಬಾರದೆಂಬ ಕಟ್ಟುಪಾಡಿನಿಂದ. ಆದರೆ ಮುಟ್ಟದೆ ಇದ್ದ ಮಾತ್ರಕ್ಕೆ ಹೊಳೆ ಉಳಿಯುವುದಿಲ್ಲ ಎಂಬುದನ್ನೂ ನೋಡಬೇಕು. ನೀರು ಕೆಟ್ಟರೆ ಮೊದಲು ಸೂಕ್ಷ್ಮವಾದ ಹುಳುಗಳು ಹೋಗುತ್ತವೆ, ಕೊಳಕು ತಾಳಿಕೊಳ್ಳುವ ಕೆಂಪು ಹುಳು ಮಾತ್ರ ಉಳಿದು ಹೆಚ್ಚುತ್ತದೆ. ಕೆರೆಯ ಆರೋಗ್ಯ ಅಳೆಯಲು ವಿಜ್ಞಾನಿಗಳು ಈ ನೊರಜಿನ ಮರಿಗಳನ್ನೇ ಎಣಿಸುತ್ತಾರೆ. ಪುಣೆಯ ವಿಶ್ವವಿದ್ಯಾಲಯದಲ್ಲಿ ಕೈರಾನೊಮಸ್ ರಾಮೋಸಸ್ ಎಂಬ ನಮ್ಮದೇ ನೊರಜಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ಗಾಳದವನು ಮೀನಿನ ಹೊಟ್ಟೆಯಲ್ಲಿ ಓದಿದ್ದನ್ನು ಇವರು ಸೂಕ್ಷ್ಮದರ್ಶಕದಲ್ಲಿ ಓದುತ್ತಾರೆ.

ಮತ್ತೆ ನಮ್ಮ ಸೀಮೆಯ ಮೀನಿಗೆ ಬಂದರೆ, ಮೇಲ್‌ಕೃಷ್ಣೆ, ಭೀಮೆಯ ಮೀನುಗಳನ್ನು ಮೊದಲು ಹೊಸ ವಿಜ್ಞಾನದ ಲೆಕ್ಕಕ್ಕೆ ತಂದವರು ಮುಂಬಯಿ ಸರ್ಕಾರದ ಅಧಿಕಾರಿ ಡಬ್ಲ್ಯೂ.ಎಚ್. ಸೈಕ್ಸ್. 1839ರಲ್ಲಿ ದಖ್ಖನಿನ ಮಹಶೀರಿಗೆ ಅವರು ಇಟ್ಟ ಹೆಸರು ‘ಖುದ್ರೀ’. ಕೋಲಸ್, ಪೋಟೈಲ್, ಮುಸುಲ್ಲಾ ಇವೂ ಅವರು ಕೊಟ್ಟ ಹೆಸರುಗಳೇ. ಸ್ಥಳೀಯ ಮೀನುಗಾರರು ಆಡುತ್ತಿದ್ದುದನ್ನೇ ಅವರು ಶಾಸ್ತ್ರಕ್ಕೆ ಸೇರಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಈ ಮೀನುಗಳನ್ನು ಆ ಹೆಸರಿನಿಂದಲೇ ಕರೆಯಬೇಕು. ಇದೇ ಖುದ್ರೀ ಮಹಶೀರಿನ ಮರಿಗಳನ್ನು 1970ರ ದಶಕದಿಂದ ಲೋಣಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿ ದೇಶದ ಬೇರೆ ನೀರುಗಳಿಗೂ ಕಳಿಸಿದರು. ಕಾವೇರಿಗೆ ಹೋದ ಆ ಮರಿಗಳು ಅಲ್ಲಿನ ಗೂನುಬೆನ್ನಿನ ಮೀನಿಗೆ ಪೈಪೋಟಿಯಾದವು ಎಂಬುದು ಮುಂದೆ ತಿಳಿದ ಸಂಗತಿ.

ಸೋಮೇಶ್ವರ, ಸೈಕ್ಸ್, ಥಾಮಸ್ ಮೂವರೂ ಬರೆದದ್ದರ ಹಿಂದೆ ನೀರಿನ ಮೇಲೆ ಬದುಕುವವರು ಹೇಳಿದ ಮಾತು ಇದ್ದಿರಬೇಕು. ಹೇಳಿದವರ ಹೆಸರು ಮಾತ್ರ ನಮಗೆ ತಿಳಿದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನಲ್ಲಿ ಅಂಬಿಗರ ಮನೆಗಳು ಇನ್ನೂ ಇವೆ. ಜೋಳದ ದಂಟಿನ ಬೆಂಡು ಕಟ್ಟುವುದು, ಯಾವ ಮಡುವಿಗೆ ಯಾವ ಎರೆ, ಯಾವ ಮಳೆಗೆ ಯಾವ ಮೀನು ಏರುತ್ತದೆ ಎಂಬುದು ಅಲ್ಲಿನ ಹಿರಿಯರಿಗೆ ಬಾಯಿಪಾಠ. ಬ್ಯಾರೇಜುಗಳು ಬಂದು ಹೊಳೆ ನಿಂತ ನೀರಾಗಿ, ಕಾಟ್ಲಾ, ಜಿಲೇಬಿ ಮೀನುಗಳು ತುಂಬಿಕೊಂಡ ಮೇಲೆ ಹಳೆಯ ಮೀನಿನ ಹೆಸರು ಕೇಳುವವರೂ ಕಡಿಮೆಯಾಗಿದ್ದಾರೆ. ಈ ತಾಲ್ಲೂಕುಗಳ ಶಾಲಾ ಕಾಲೇಜುಗಳ ಮಾಸ್ತರರಲ್ಲಿ ಒಂದು ಮನವಿ: ಮುಂದಿನ ಬೇಸಿಗೆ ರಜೆಯಲ್ಲಿ ನಿಮ್ಮ ವಿದ್ಯಾರ್ಥಿಗಳನ್ನು ನೋಟಬುಕ್ಕಿನೊಂದಿಗೆ ಆ ಹಿರಿಯರ ಹತ್ತಿರ ಕಳಿಸಿ. ಮೀನಿನ ಹೆಸರು, ಅದರ ತಿನಿಸು, ಅದು ಸಿಗುತ್ತಿದ್ದ ಮಡು ಇಷ್ಟನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಜೊತೆಗೆ ಹೇಳಿದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಲಿ.